ಪಿರೇಯಸ್ ನಿಲ್ದಾಣದ ಚರಿತ್ರೆ ಮತ್ತು ತಾಳಗುಪ್ಪದ ಹಳಿ

ಮಾನ್ಯ ಸಂಪಾದಕರೇ,

ಅಮೃತ ಭಾರತ ಯೋಜನೆಯಡಿ ಶಿವಮೊಗ್ಗ ಟೌನ್, ಸಾಗರ ಜಂಬಗಾರು ಮತ್ತು ತಾಳಗುಪ್ಪ ರೈಲು ನಿಲ್ದಾಣಗಳನ್ನು ಹೊಸದಾಗಿ ರೂಪಿಸುವ ಕೆಲಸದ ಬಗ್ಗೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತಿರುವ ಸುದ್ದಿಗಳನ್ನು ತಪ್ಪದೆ ಓದುತ್ತಿದ್ದೇನೆ. ಮುಂಭಾಗದ ವಿನ್ಯಾಸ, ವಾಹನ ನಿಲುಗಡೆ, ದೀಪಾಲಂಕಾರ ಇವುಗಳ ಬಗ್ಗೆ ಸಾಕಷ್ಟು ಮಾತು ನಡೆದಿದೆ. ರೈಲಿನಿಂದ ಇಳಿದವರು ಅಲ್ಲಿಂದ ಮುಂದಕ್ಕೆ ಹೇಗೆ ಹೋಗಬೇಕು, ಆ ನಿಲ್ದಾಣ ಕಂಡ ಹಿಂದಿನ ಕಾಲ ಈಗಿನವರ ಕಣ್ಣಿಗೆ ಎಲ್ಲಿ ಬೀಳಬೇಕು ಎಂಬ ಎರಡು ಪ್ರಶ್ನೆಗಳು ಮಾತ್ರ ಎಲ್ಲೂ ಬಂದಂತೆ ಕಾಣುವುದಿಲ್ಲ. ಈ ಎರಡಕ್ಕೂ ಬಹಳ ಒಳ್ಳೆಯ ಉತ್ತರ ಕೊಟ್ಟಿರುವ ಒಂದು ನಿಲ್ದಾಣವನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ಗ್ರೀಸ್ ದೇಶದ ಪಿರೇಯಸ್ ಬಂದರಿನ ಅಂಚಿನಲ್ಲಿದೆ. ಅದರ ಕಥೆಯನ್ನು ಸ್ವಲ್ಪ ವಿವರವಾಗಿಯೇ ಮಲೆನಾಡಿನ ಓದುಗರ ಮುಂದೆ ಇಡಲು ಅವಕಾಶ ಕೋರುತ್ತೇನೆ.

ಪಿರೇಯಸ್ ಅಥೆನ್ಸ್ ನಗರದ ಬಂದರು. ಕ್ರಿಸ್ತಪೂರ್ವ 493ರಲ್ಲಿ ಥೆಮಿಸ್ಟೋಕ್ಲಿಸ್ ಎಂಬ ಮುತ್ಸದ್ದಿ ಈ ಜಾಗವನ್ನು ಆರಿಸಿ ಕೋಟೆ ಕಟ್ಟಿಸತೊಡಗಿದ. ಅದೇ ಶತಮಾನದಲ್ಲಿ ಮಿಲೆಟಸ್ ನಗರದ ಹಿಪ್ಪೊಡೇಮಸ್ ಊರಿನ ಬೀದಿಗಳನ್ನು ಚೌಕಳಿಯಾಗಿ ಹಾಕಿಕೊಟ್ಟ. ಶತ್ರುಗಳು ಮುತ್ತಿದಾಗಲೂ ಅಥೆನ್ಸಿಗೆ ಹಡಗಿನ ಧಾನ್ಯ ತಪ್ಪದಿರಲೆಂದು ನಗರದಿಂದ ಬಂದರಿನವರೆಗೆ ಉದ್ದನೆಯ ಗೋಡೆಗಳನ್ನೇ ಎಬ್ಬಿಸಿದ್ದರು. ಕ್ರಿಸ್ತಪೂರ್ವ 86ರಲ್ಲಿ ರೋಮನ್ ಸೇನಾಪತಿ ಸುಲ್ಲಾ ಇದನ್ನೆಲ್ಲ ಸುಟ್ಟು ಹಾಕಿದ ಮೇಲೆ ಬಂದರು ಶತಮಾನಗಟ್ಟಲೆ ಪಾಳುಬಿತ್ತು. ದಡದಲ್ಲಿ ನಿಂತಿದ್ದ ಒಂದು ದೊಡ್ಡ ಅಮೃತಶಿಲೆಯ ಸಿಂಹದ ಕಾರಣಕ್ಕೆ ನಾವಿಕರು ಅದನ್ನು ಪೋರ್ಟೊ ಲಿಯೋನೆ ಎಂದು ಕರೆಯುತ್ತಿದ್ದರು. ಆ ಸಿಂಹವನ್ನೂ 1687ರ ದಂಡಯಾತ್ರೆಯಲ್ಲಿ ವೆನಿಸ್‌ನ ದಂಡನಾಯಕ ಮೊರೊಸಿನಿ ಎತ್ತಿಕೊಂಡು ಹೋದ, ಇಂದಿಗೂ ಅದು ವೆನಿಸ್‌ನ ಹಡಗುಕಟ್ಟೆಯ ಬಾಗಿಲಲ್ಲೇ ಇದೆ. 1834ರಲ್ಲಿ ಅಥೆನ್ಸ್ ಹೊಸ ಗ್ರೀಸಿನ ರಾಜಧಾನಿಯಾದ ಮೇಲಷ್ಟೇ ಪಿರೇಯಸ್ ಮತ್ತೆ ಊರಾಗಿ ಬೆಳೆಯಿತು. ರಾಜಧಾನಿಗೂ ಬಂದರಿಗೂ ನಡುವೆ ಹಿಂದೆ ಗೋಡೆಗಳು ಮಾಡುತ್ತಿದ್ದ ಕೆಲಸವನ್ನು ಈ ಬಾರಿ ಹಳಿಗಳು ವಹಿಸಿಕೊಂಡವು.

1869ರ ಫೆಬ್ರುವರಿಯಲ್ಲಿ ಪಿರೇಯಸ್‌ನಿಂದ ಅಥೆನ್ಸಿನ ಥಿಸಿಯೊ ಎಂಬಲ್ಲಿಗೆ ಸುಮಾರು 8 ಕಿಲೋಮೀಟರ್ ಉದ್ದದ ಹಳಿಯ ಮೇಲೆ ಉಗಿಬಂಡಿ ಓಡಿತು. ಅದು ಗ್ರೀಸಿನ ಮೊದಲ ರೈಲು. ಮುಂದಿನ ಹದಿನಾಲ್ಕು ವರ್ಷ ಆ ದೇಶದಲ್ಲಿ ಬೇರೆ ರೈಲೇ ಇರಲಿಲ್ಲ. 1895ರಲ್ಲಿ ಹಳಿ ನೆಲದಡಿಯ ಸುರಂಗದಲ್ಲಿ ಒಮೋನಿಯಾ ಚೌಕದವರೆಗೆ ಹೋಯಿತು, 1904ರಲ್ಲಿ ಉಗಿ ಹೋಗಿ ವಿದ್ಯುತ್ ಬಂತು. ಮೂರನೆಯ ಹಳಿಯಿಂದ ವಿದ್ಯುತ್ ಪಡೆಯುವ ಆ ವ್ಯವಸ್ಥೆ ಇವತ್ತಿಗೂ ನಡೆಯುತ್ತಿದೆ. 1957ರಲ್ಲಿ ಉತ್ತರದ ಕಿಫಿಸಿಯಾ ಮುಟ್ಟಿದ ಈ ಮಾರ್ಗ ಈಗ ಸುಮಾರು 25 ಕಿಲೋಮೀಟರ್ ಉದ್ದವಿದ್ದು, 24 ನಿಲ್ದಾಣಗಳನ್ನು ಹೊಂದಿದೆ. ಅಥೆನ್ಸ್ ಮೆಟ್ರೋದ ಒಂದನೆಯ ಮಾರ್ಗ ಎಂದು ಇಂದು ಕರೆಯುವುದು ಇದನ್ನೇ. ನಮ್ಮ ಬೀರೂರು–ಶಿವಮೊಗ್ಗ ಹಳಿ 1899ರಲ್ಲಿ ಬಂದದ್ದು ಎಂಬುದನ್ನು ನೆನೆದರೆ, ಕಾಲದ ಲೆಕ್ಕದಲ್ಲಿ ನಾವು ಆ ದೇಶಕ್ಕಿಂತ ಬಹಳ ಹಿಂದೇನೂ ಇರಲಿಲ್ಲ.

ಈಗ ಕಾಣುವ ಪಿರೇಯಸ್ ನಿಲ್ದಾಣದ ಕಟ್ಟಡ 1928ರಲ್ಲಿ ಪೂರ್ಣಗೊಂಡದ್ದು. ಆ ವರ್ಷಗಳ ಹಿನ್ನೆಲೆ ತಿಳಿಯದೆ ಕಟ್ಟಡದ ಗಾತ್ರ ಅರ್ಥವಾಗುವುದಿಲ್ಲ. 1922ರಲ್ಲಿ ಏಷ್ಯಾ ಮೈನರ್ ಕಡೆಯಿಂದ ಮನೆಮಠ ಕಳೆದುಕೊಂಡ ಗ್ರೀಕರು ಹಡಗು ಹಡಗಾಗಿ ಬಂದು ಇದೇ ದಡದಲ್ಲಿ ಇಳಿದರು. ಊರಿನ ಜನಸಂಖ್ಯೆ ಕೆಲವೇ ವರ್ಷಗಳಲ್ಲಿ ಹಿಗ್ಗಿತು, ಪಕ್ಕದ ಕೊಕ್ಕಿನಿಯಾದಂತಹ ಬಡಾವಣೆಗಳು ನಿರಾಶ್ರಿತರಿಂದಲೇ ಹುಟ್ಟಿದವು. ಹಾಗೆ ಬಂದು ನೆಲೆ ನಿಂತವರು ದಿನಗೂಲಿಗಾಗಿ, ಕಾರ್ಖಾನೆಗಾಗಿ ಅಥೆನ್ಸಿಗೆ ಹೋಗಿಬರಬೇಕಾದ ಕಾಲದಲ್ಲಿ ಎದ್ದ ನಿಲ್ದಾಣ ಇದು. ಶರಾವತಿ ಹಿನ್ನೀರಿನಲ್ಲಿ ಊರು ಮುಳುಗಿಸಿಕೊಂಡು ಬಂದ ಕುಟುಂಬಗಳ ನಡುವೆ ಪಾಠ ಹೇಳಿದ ನನಗೆ, ಆ ಸಭಾಂಗಣದಲ್ಲಿ ನಿಂತಾಗ ಈ ಸಂಗತಿ ಬೇರೆ ಎಲ್ಲಕ್ಕಿಂತ ಹೆಚ್ಚು ತಟ್ಟಿತು. ಬಂದವರನ್ನು ಕುಗ್ಗಿಸದಂತೆ, ತಲೆಯೆತ್ತಿ ನಡೆಯುವಂತೆ ಕಟ್ಟಿದ ಸಾರ್ವಜನಿಕ ಕಟ್ಟಡವದು.

ಕಟ್ಟಡದ ಮುಂಭಾಗ ಹಳೆಯ ಯುರೋಪಿನ ಶೈಲಿಯ ಕಮಾನುಗಳಿಂದ ಕೂಡಿದೆ. ಒಳಗೆ ಪ್ಲಾಟ್‌ಫಾರ್ಮುಗಳ ಮೇಲೆ ಕಬ್ಬಿಣದ ಬಾಗಿದ ತೊಲೆಗಳೂ ಗಾಜೂ ಸೇರಿದ ಎತ್ತರದ ಛಾವಣಿ ಇದೆ. ಹಳಿಗಳು ಆ ಛಾವಣಿಯ ಕೆಳಗೇ ಬಂದು ಕೊನೆಗೊಳ್ಳುತ್ತವೆ. ರೈಲಿನಿಂದ ಇಳಿದವರು ಮೆಟ್ಟಿಲು ಹತ್ತಿ ಇಳಿಯುವ ಗೋಜಿಲ್ಲದೆ, ಹಳಿ ಮುಗಿಯುವ ಕಡೆಯಿಂದಲೇ ಸಮತಟ್ಟಾದ ನೆಲದಲ್ಲಿ ನಡೆದು ಹೊರಬರಬಹುದು. ಬೆಳಿಗ್ಗೆ ಹೊತ್ತು ಗಾಜಿನಿಂದ ಇಳಿಯುವ ಬೆಳಕು ಬಂಡಿಗಳ ಬೆನ್ನಿನ ಮೇಲೆ ಪಟ್ಟೆ ಪಟ್ಟೆಯಾಗಿ ಬೀಳುತ್ತದೆ. ಅದರ ಕೆಳಗೆ ಗಂಟುಮೂಟೆ ಹೊತ್ತ ದ್ವೀಪವಾಸಿಗಳು, ಶಾಲೆಯ ಮಕ್ಕಳು, ಮೀನಿನ ಮಾರುಕಟ್ಟೆಗೆ ಹೊರಟ ಹೆಂಗಸರು ಯಾರ ಕಾಲಿಗೂ ಯಾರೂ ಅಡ್ಡಬರದಂತೆ ಸಾಗುತ್ತಿದ್ದರು. 2004ರ ಒಲಿಂಪಿಕ್ಸ್‌ಗೆ ಮುನ್ನ ಈ ಮಾರ್ಗದ ನಿಲ್ದಾಣಗಳನ್ನೆಲ್ಲ ದುರಸ್ತಿ ಮಾಡಿದಾಗಲೂ ಪಿರೇಯಸ್‌ನ ಹಳೆಯ ಕಟ್ಟಡವನ್ನು ಕೆಡವದೆ ಉಳಿಸಿಕೊಂಡರು. ಹೊಸ ಅನುಕೂಲಗಳನ್ನು ಹಳೆಯ ಗೋಡೆಗಳ ಒಳಗೇ ಕೂರಿಸಿದರು ಎಂಬುದು ನಮ್ಮ ಎಂಜಿನಿಯರುಗಳು ಗಮನಿಸಬೇಕಾದ ಸಂಗತಿ.

ಹೊರಬಂದರೆ ಎದುರಿಗೆ ಒಂದು ಅಗಲವಾದ ರಸ್ತೆ, ಅದರಾಚೆ ಸಮುದ್ರ. ವಾಹನಗಳ ನಡುವೆ ನುಸುಳಬೇಕಿಲ್ಲ, ರಸ್ತೆಯ ಮೇಲೆ ಹಾದುಹೋಗುವ ಕಾಲುಸೇತುವೆ ನೇರವಾಗಿ ಬಂದರಿನ ಒಳಗೆ ಇಳಿಸುತ್ತದೆ. ಬಂದರಿನ ದ್ವಾರಗಳಿಗೆ ಇ 1, ಇ 2 ಎಂದು ಕ್ರಮವಾಗಿ ಸಂಖ್ಯೆ ಕೊಟ್ಟಿದ್ದಾರೆ. ಯಾವ ದ್ವೀಪದ ಹಡಗು ಯಾವ ದ್ವಾರದಿಂದ ಹೊರಡುತ್ತದೆ ಎಂಬುದು ಊರಿನ ಮಕ್ಕಳಿಗೂ ಗೊತ್ತು. ನಾವು ಹೋದದ್ದು ಹತ್ತಿರದ ಏಜಿನಾ ದ್ವೀಪಕ್ಕೆ, ಇ 8 ದ್ವಾರದಿಂದ. ರೋಡ್ಸ್ ಮುಂತಾದ ದೂರದ ದ್ವೀಪಗಳ ದೊಡ್ಡ ಹಡಗುಗಳು ಬಂದರಿನ ಇನ್ನೊಂದು ತುದಿಯ ಇ 1ರಿಂದ ಹೊರಡುತ್ತವೆ. ಅಷ್ಟು ದೂರ ಸಾಮಾನು ಹೊತ್ತು ನಡೆಯಲಾಗದವರಿಗೆ ಬಂದರಿನ ಒಳಗೇ ಉಚಿತ ಬಸ್ಸು ತಿರುಗುತ್ತದೆ. ವಯಸ್ಸಾದ ನನ್ನಂಥವರಿಗೆ ಇಂತಹ ಬಸ್ಸು ಎಷ್ಟು ದೊಡ್ಡ ಉಪಕಾರ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಟಿಕೆಟ್ಟಿನ ವಿಷಯ. ನಾನು ಹೋದಾಗ ಅಥೆನ್ಸಿನಲ್ಲಿ 1 ಯೂರೋ 20 ಸೆಂಟಿನ ಒಂದೇ ಟಿಕೆಟ್ಟಿನಲ್ಲಿ 90 ನಿಮಿಷಗಳವರೆಗೆ ಮೆಟ್ರೋ, ಬಸ್ಸು, ಟ್ರಾಮ್ ಯಾವುದನ್ನಾದರೂ ಹತ್ತಿ ಇಳಿದು ಮತ್ತೆ ಹತ್ತಬಹುದಿತ್ತು. ವಿಮಾನ ನಿಲ್ದಾಣಕ್ಕೆ ಮಾತ್ರ ಬೇರೆ ದರ. 2021ರ ಕೊನೆಯಲ್ಲಿ ಟ್ರಾಮ್ ಪಿರೇಯಸ್‌ಗೆ ಬಂತು. 2022ರ ಅಕ್ಟೋಬರ್ 10ರಂದು ಮೆಟ್ರೋದ ಮೂರನೆಯ ಮಾರ್ಗವೂ ನೆಲದಡಿಯಿಂದ ಇಲ್ಲಿಗೆ ತಲುಪಿ, ವಿಮಾನ ನಿಲ್ದಾಣದಿಂದ ಬಂದರಿಗೆ ಸುಮಾರು 55 ನಿಮಿಷಗಳಲ್ಲಿ ಒಂದೇ ರೈಲಿನಲ್ಲಿ ಬರುವಂತಾಯಿತು. ಹೀಗೆ ಮೆಟ್ರೋ, ಉಪನಗರ ರೈಲು, ಟ್ರಾಮ್, ಬಸ್ಸು, ಹಡಗು ಇಷ್ಟೂ ಕಾಲುನಡಿಗೆಯ ಅಳತೆಯಲ್ಲಿ ಒಂದಕ್ಕೊಂದು ಕೈಜೋಡಿಸುವ ಜಾಗ ಅದಾಗಿದೆ. 1869ರಲ್ಲಿ ಮೊದಲ ಹಳಿ ಹಾಕಿದಾಗ ಏನು ಉದ್ದೇಶವಿತ್ತೋ ಅದನ್ನು ನೂರೈವತ್ತು ವರ್ಷಗಳ ನಂತರವೂ ಅವರು ಮರೆತಿಲ್ಲ.

ಆದರೆ ನಾನು ಈ ಪತ್ರ ಬರೆಯಲು ನಿಜವಾದ ಕಾರಣ ಆ ನಿಲ್ದಾಣದೊಳಗಿನ ಒಂದು ಸಣ್ಣ ವಸ್ತುಸಂಗ್ರಹಾಲಯ. ಹಿಂದೆ ಅಂಚೆ ಕಚೇರಿಯಾಗಿದ್ದ ಜಾಗದಲ್ಲಿ 2005ರಲ್ಲಿ ಅದು ತೆರೆಯಿತು. ಅದನ್ನು ಕಟ್ಟಿದವರು ಯಾವುದೋ ದೊಡ್ಡ ಇಲಾಖೆಯವರಲ್ಲ, ಆ ರೈಲಿನಲ್ಲೇ ದುಡಿದು ನಿವೃತ್ತರಾದ ನೌಕರರ ಸಂಘದವರು. ಹಳೆಯ ಟಿಕೆಟ್ಟುಗಳು, ಟಿಕೆಟ್ ಯಂತ್ರಗಳು, ಸಮವಸ್ತ್ರಗಳು, ದೂರವಾಣಿಗಳು, ಸಂಕೇತ ಉಪಕರಣಗಳು, ಛಾಯಾಚಿತ್ರಗಳು ಅಲ್ಲಿವೆ. ಬೇರೆಲ್ಲಾದರೂ ಆಗಿದ್ದರೆ ಗುಜರಿಗೆ ಹೋಗುತ್ತಿದ್ದ ಸಾಮಾನುಗಳನ್ನು ಅವರು ಮನೆಯ ಕಪಾಟಿನಿಂದ, ಡಿಪೋದ ಮೂಲೆಯಿಂದ ಹುಡುಕಿ ತಂದಿಟ್ಟಿದ್ದಾರೆ. ಹಡಗಿಗೆ ಇನ್ನೂ ಹೊತ್ತಿದೆ ಎನ್ನುವವರು ಒಳಗೆ ಬಂದು ನೋಡಿ ಹೋಗುತ್ತಾರೆ. ನಾನು ನೋಡುತ್ತಿದ್ದ ಹೊತ್ತಿನಲ್ಲಿ ಒಬ್ಬ ತಾಯಿ ತನ್ನ ಮಗನಿಗೆ ಒಂದು ಹಳೆಯ ಕೈಹಿಡಿಕೆಯನ್ನು ತೋರಿಸಿ, ಅದನ್ನು ತಿರುಗಿಸಿದರೆ ಬಂಡಿ ಹೇಗೆ ವೇಗ ಪಡೆಯುತ್ತಿತ್ತು ಎಂದು ಕೈಸನ್ನೆಯಲ್ಲಿ ವಿವರಿಸುತ್ತಿದ್ದಳು. ಆ ಹುಡುಗ ಕಾಲ್ತುದಿಯಲ್ಲಿ ನಿಂತು ಅದನ್ನೇ ನೋಡುತ್ತಿದ್ದ. ರೈಲು ಓಡುತ್ತಿರುವ ನಿಲ್ದಾಣದಲ್ಲೇ, ರೈಲಿನ ಸದ್ದು ಕೇಳುತ್ತಿರುವಾಗಲೇ ಇಂತಹ ವಸ್ತುಗಳನ್ನು ನೋಡುವುದಕ್ಕೂ, ಎಲ್ಲೋ ದೂರದ ನಗರದ ಗಾಜಿನ ಪೆಟ್ಟಿಗೆಯಲ್ಲಿ ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ.

ಪಿರೇಯಸ್‌ನಲ್ಲಿ ಇನ್ನೊಂದು ರೈಲು ನಿಲ್ದಾಣವೂ ಇದೆ. ಅದರ ಚರಿತ್ರೆ ನಮ್ಮದಕ್ಕೆ ಇನ್ನೂ ಹತ್ತಿರ. 1884ರಲ್ಲಿ ಅಲ್ಲಿಂದ ಅಥೆನ್ಸ್ ಮೂಲಕ ಪೆಲೊಪೊನೀಸ್ ಪ್ರಾಂತ್ಯದ ಕಡೆಗೆ ಸಂಚಾರಕ್ಕೆ ತೆರೆಯತೊಡಗಿದ ಹಳಿ ಮೀಟರ್ ಗೇಜಿನದು, ನಮ್ಮ ಹಳೆಯ ಶಿವಮೊಗ್ಗ–ತಾಳಗುಪ್ಪ ಹಳಿಯದೇ ಅಗಲ. 1885ರಲ್ಲಿ ಅದು ಕೊರಿಂತ್ ಮುಟ್ಟಿತು, 1887ರಲ್ಲಿ ಪತ್ರಾಸ್ ಬಂದರು ಮುಟ್ಟಿತು. ಪಿರೇಯಸ್‌ನ ಭಾಗ ಈಗ ಮೀಟರ್ ಗೇಜಿಗಿಂತ ಅಗಲವಾದ ಸ್ಟ್ಯಾಂಡರ್ಡ್ ಗೇಜ್ ಹಳಿಯಾಗಿ ಉಪನಗರ ರೈಲುಗಳಿಗೆ ಬಳಕೆಯಾಗುತ್ತಿದೆ. ಉಳಿದ ಮೀಟರ್ ಗೇಜ್ ಜಾಲದ ಬಹುಭಾಗವನ್ನು ಸಾಲದ ಬಿಕ್ಕಟ್ಟಿನ ನಡುವೆ 2011ರಲ್ಲಿ ನಿಲ್ಲಿಸಿಬಿಟ್ಟರು. ಊರೂರುಗಳಲ್ಲಿ ಹುಲ್ಲು ಬೆಳೆದ ಹಳಿಗಳೂ ಬಾಗಿಲು ಹಾಕಿದ ಚಿಕ್ಕ ನಿಲ್ದಾಣಗಳೂ ಉಳಿದವು. ಅದೇ 2011ರಲ್ಲಿ ನಮ್ಮ ತಾಳಗುಪ್ಪಕ್ಕೆ ಅಗಲ ಹಳಿಯ ರೈಲು ಬಂತು. ಅಲ್ಲಿ ಕಳೆದುಹೋದದ್ದು ನಮಗೆ ಇಲ್ಲಿ ಸಿಕ್ಕಿತು, ಈ ಭಾಗ್ಯದ ಬೆಲೆ ನಮಗೆ ಗೊತ್ತಿರಬೇಕು.

ಎಲ್ಲವೂ ಅಲ್ಲಿ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಒಂದನೆಯ ಮಾರ್ಗದಲ್ಲಿ ಜೇಬುಗಳ್ಳರ ಕಾಟ ಪ್ರಸಿದ್ಧವಾದದ್ದು. ಬೇಸಿಗೆಯಲ್ಲಿ ಪ್ರವಾಸಿಗರ ನೂಕುನುಗ್ಗಲು ಊರಿನವರಿಗೇ ಬೇಸರ ತರಿಸುತ್ತದೆ. ಇದಕ್ಕಿಂತ ಬಹಳ ಗಂಭೀರವಾದ ಮಾತೊಂದಿದೆ. 2023ರ ಫೆಬ್ರುವರಿ 28ರ ರಾತ್ರಿ ಗ್ರೀಸಿನ ಟೆಂಪಿ ಕಣಿವೆಯ ಬಳಿ ಪ್ರಯಾಣಿಕರ ರೈಲೂ ಸರಕು ರೈಲೂ ಒಂದೇ ಹಳಿಯ ಮೇಲೆ ಎದುರುಬದುರಾಗಿ ಬಂದು ಡಿಕ್ಕಿಯಾಗಿ 57 ಜನ ಸತ್ತರು, ಅವರಲ್ಲಿ ಎಷ್ಟೋ ಜನ ರಜೆ ಮುಗಿಸಿ ಕಾಲೇಜಿಗೆ ಮರಳುತ್ತಿದ್ದ ವಿದ್ಯಾರ್ಥಿಗಳು. ಆ ಮಾರ್ಗದಲ್ಲಿ ಸ್ವಯಂಚಾಲಿತ ಸಂಕೇತ ವ್ಯವಸ್ಥೆ ಪೂರ್ತಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಸಂಕೇತ ವ್ಯವಸ್ಥೆ, ಹಳಿಯ ನಿರ್ವಹಣೆ, ಸಿಬ್ಬಂದಿಯ ತರಬೇತಿ ಇವುಗಳಿಗೆ ಕೊಡಬೇಕಾದ ಹಣದಲ್ಲಿ ಒಂದು ರೂಪಾಯಿಯನ್ನೂ ಕಟ್ಟಡದ ಅಂದಕ್ಕೆ ತಿರುಗಿಸಬಾರದು. ನಿಲ್ದಾಣಗಳ ಬಗ್ಗೆ ಇಷ್ಟೆಲ್ಲ ಬರೆಯುವಾಗಲೂ ಈ ಮಾತನ್ನು ನಾನು ಮೊದಲಿಗೆ ಒಪ್ಪುತ್ತೇನೆ.

ಈಗ ನಮ್ಮ ಊರಿಗೆ ಬರುತ್ತೇನೆ. ತಾಳಗುಪ್ಪಕ್ಕೆ ರೈಲು ಬಂದದ್ದು 1940ರಲ್ಲಿ, ಜೋಗದ ವಿದ್ಯುತ್ ಯೋಜನೆಯ ಕೆಲಸ ನಡೆಯುತ್ತಿದ್ದ ಕಾಲದಲ್ಲಿ. ಅಲ್ಲಿಗೆ ಹಳಿ ಮುಗಿಯುತ್ತದೆ. ಮುಂದೆ ಜೋಗ, ಸಿದ್ದಾಪುರ, ಹೊನ್ನಾವರದ ಘಾಟಿ, ಸಮುದ್ರ. ಇತ್ತ ಸಾಗರದಲ್ಲಿ ಇಳಿದವರು ಸಿಗಂದೂರು, ಹೊಳೆಬಾಗಿಲು, ಇಕ್ಕೇರಿ, ಕೆಳದಿಗೆ ಹೋಗುತ್ತಾರೆ. ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಸಾಲುಗಟ್ಟಿ ಕಾಯುತ್ತಿದ್ದ ಕಾಲ, 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ತೆರೆದ ಮೇಲೆ ಹಿಂದೆ ಸರಿದಿದೆ. ದ್ವೀಪದಂತಿದ್ದ ಕರೂರು ಹೋಬಳಿಯ ಜನರಿಗೆ ಸಾಗರದ ರೈಲು ನಿಲ್ದಾಣ ಹಿಂದೆಂದಿಗಿಂತ ಹತ್ತಿರವಾಗಿದೆ. ಅಂದರೆ ಜಂಬಗಾರು, ತಾಳಗುಪ್ಪ ಎರಡೂ ರೈಲಿನಿಂದ ಇಳಿದವರು ಇನ್ನೊಂದು ವಾಹನ ಹತ್ತಲೇಬೇಕಾದ ಜಾಗಗಳು. ಗಾತ್ರದಲ್ಲಿ ಪಿರೇಯಸ್‌ನ ಎದುರು ಇವು ಏನೂ ಅಲ್ಲದಿರಬಹುದು, ಮಾಡುವ ಕೆಲಸ ಮಾತ್ರ ಅದೇ. ಹೀಗಿರುವಾಗ ಹೊಸ ವಿನ್ಯಾಸದಲ್ಲಿ ಮೊದಲ ಪ್ರಾಶಸ್ತ್ಯ ಸಿಗಬೇಕಾದದ್ದು ಬಸ್ಸು ಬಂದು ನಿಲ್ಲುವ ಜಾಗಕ್ಕೆ.

ಮಲೆನಾಡಿನ ರೈಲುಗಳಲ್ಲಿ ಬೆಂಗಳೂರಿನಿಂದ, ಮೈಸೂರಿನಿಂದ ರಾತ್ರಿಯಿಡೀ ಕುಳಿತು ಬಂದು ಬೆಳಗಿನ ಜಾವ ಇಳಿಯುವವರ ಪಾಡು ಇಲ್ಲಿನ ಎಲ್ಲರಿಗೂ ಗೊತ್ತು. ಆಷಾಢದ ಮಳೆಯಲ್ಲಿ ಹಿಂದಿನ ಬೋಗಿಯಿಂದ ಇಳಿದವರು ಪ್ಲಾಟ್‌ಫಾರ್ಮಿನ ಛಾವಣಿ ಸಿಗುವವರೆಗೆ ಚೀಲವನ್ನು ತಲೆಯ ಮೇಲೆ ಹಿಡಿದು ಓಡಬೇಕಾಗುತ್ತದೆ. ಛಾವಣಿ ಮುಗಿದಲ್ಲಿಂದ ಆಟೋ ನಿಂತ ಜಾಗಕ್ಕೆ ಮತ್ತೆ ನೆನೆಯಬೇಕು. ವರ್ಷದಲ್ಲಿ ನಾಲ್ಕೈದು ತಿಂಗಳು ಹೀಗೆ ಮಳೆ ಸುರಿಯುವ ಸೀಮೆಯಲ್ಲಿ ನಿಲ್ದಾಣ ಕಟ್ಟುವವರು ಮುಂಭಾಗದ ಗೋಪುರಕ್ಕಿಂತ ಮೊದಲು ರೈಲಿನ ಪೂರ್ತಿ ಉದ್ದಕ್ಕೆ ಛಾವಣಿ ಹಾಕಬೇಕು. ಅಲ್ಲಿಂದ ಬಸ್ಸಿನ ಬಾಗಿಲವರೆಗೆ ಎಲ್ಲೂ ತುಂಡಾಗದ ಮಾಡು ಇರಬೇಕು. ಪಿರೇಯಸ್‌ನಲ್ಲಿ ನಮ್ಮಲ್ಲಿ ಬೀಳುವ ಮಳೆಯ ಸಣ್ಣದೊಂದು ಪಾಲು ಮಾತ್ರ ಬೀಳುತ್ತದೆ. ಅಂತಹ ಊರಿನವರೇ 1928ರಲ್ಲಿ ಪ್ಲಾಟ್‌ಫಾರ್ಮುಗಳನ್ನು ಮುಚ್ಚಿ ಕಟ್ಟಿದರು ಎಂದರೆ ನಮಗೆ ಬೇರೆ ವಾದವೇ ಉಳಿಯುವುದಿಲ್ಲ.

ಬಸ್ಸಿನ ವಿಷಯದಲ್ಲಿ ಹಣಕ್ಕಿಂತ ಹೊಂದಾಣಿಕೆ ಮುಖ್ಯ. ರೈಲು ಬರುವ ಸಮಯಕ್ಕೆ ಸರಿಯಾಗಿ ಜೋಗಕ್ಕೆ, ಸಿಗಂದೂರಿಗೆ, ಸಿದ್ದಾಪುರಕ್ಕೆ ಒಂದೊಂದು ಬಸ್ಸು ನಿಲ್ದಾಣದ ಅಂಗಳದಿಂದಲೇ ಹೊರಡುವಂತಾಗಬೇಕು. ರೈಲು ತಡವಾದರೆ ಆ ಬಸ್ಸು ಕಾಯಬೇಕು. ಅದಕ್ಕಾಗಿ ಸ್ಟೇಷನ್ ಮಾಸ್ಟರ್ ಕಚೇರಿಯಿಂದ ಬಸ್ ಡಿಪೋಗೆ ಒಂದು ಫೋನ್ ಕರೆ ಹೋದರೆ ಸಾಕು. ಶಿವಮೊಗ್ಗದಲ್ಲಿಯೂ ಟೌನ್ ರೈಲು ನಿಲ್ದಾಣಕ್ಕೂ ಬಸ್ ನಿಲ್ದಾಣಕ್ಕೂ ನಡುವೆ ದಿನವಿಡೀ ಓಡುವ ಒಂದು ಸಣ್ಣ ಬಸ್ಸು ಇದ್ದರೆ ತೀರ್ಥಹಳ್ಳಿ, ಹೊಸನಗರ, ಶಿಕಾರಿಪುರದ ಕಡೆಯವರಿಗೆ ರೈಲು ಹತ್ತುವುದೇ ಬೇರೆ ಅನುಭವವಾಗುತ್ತದೆ. ರೈಲ್ವೆ ಕೇಂದ್ರದ್ದು, ಬಸ್ಸು ರಾಜ್ಯದ್ದು ಎಂಬ ಉತ್ತರವನ್ನು ಪ್ರಯಾಣಿಕರು ಕೇಳಿಸಿಕೊಳ್ಳಬೇಕಾದ ಅಗತ್ಯವಿಲ್ಲ. ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸುವ ಅಧಿಕಾರ ಜಿಲ್ಲಾಡಳಿತಕ್ಕಿದೆ. ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂಬ ಫಲಕ ದೊಡ್ಡ ಕನ್ನಡ ಅಕ್ಷರಗಳಲ್ಲಿ ಪ್ಲಾಟ್‌ಫಾರ್ಮಿನ ಮೇಲೆಯೇ ಇರಲಿ, ಹೊರಗೆ ಬಂದು ಕಂಡಕಂಡವರನ್ನು ಕೇಳುವಂತಾಗಬಾರದು.

ಚರಿತ್ರೆಯ ಬಗ್ಗೆ ನಮ್ಮಲ್ಲಿ ಏನೂ ಆಗಿಲ್ಲ ಎಂದರೆ ತಪ್ಪಾಗುತ್ತದೆ. ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಗಿ ತೆರೆದಿದೆ. ಕೆಡವಿ ಹೋಗಬಹುದಾಗಿದ್ದ ಒಂದು ಕಟ್ಟಡ ಅದರಿಂದ ಉಳಿಯಿತು, ಅದಕ್ಕಾಗಿ ದುಡಿದವರಿಗೆ ನಾನು ಕೃತಜ್ಞ. ಆದರೆ ಅದು ಹೇಳುವುದು ಅಲ್ಲಿ ಚಿತ್ರೀಕರಣಗೊಂಡ ಧಾರಾವಾಹಿಯ ಕಥೆ. ಈ ಹಳಿಯ ಮೇಲೆ ನಿಜವಾಗಿ ದುಡಿದವರ ಕಥೆ ಇನ್ನೂ ಎಲ್ಲೂ ಇಲ್ಲ. ಕುಂಸಿ, ಅರಸಾಳು, ಕೆಂಚನಾಲ, ಆನಂದಪುರಗಳ ಕಾಡಿನ ನಡುವೆ ರಾತ್ರಿ ಲಾಟೀನು ಹಿಡಿದು ಹಳಿ ನೋಡಿಕೊಂಡು ನಡೆದ ಗ್ಯಾಂಗ್‌ಮನ್‌ಗಳು, ಮಳೆಗಾಲದಲ್ಲಿ ಮರ ಬಿದ್ದಾಗ ಕೊಡಲಿ ಹಿಡಿದು ಓಡಿದವರು, ಪಾಯಿಂಟ್ಸ್‌ಮನ್‌ಗಳು, ಉಗಿ ಎಂಜಿನ್‌ಗೆ ಕಲ್ಲಿದ್ದಲು ಎಸೆದವರು, ಕೊನೆಯ ದಿನಗಳಲ್ಲಿ ರೈಲುಬಸ್ಸು ಓಡಿಸಿದವರು ಇವರ ಬಗ್ಗೆ ಹೇಳುತ್ತಿದ್ದೇನೆ.

ಒಂದು ವಸ್ತುವನ್ನು ಮಾತ್ರ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಒಂಟಿ ಹಳಿಯ ಮಾರ್ಗದಲ್ಲಿ ಎರಡು ರೈಲು ಎದುರಾಗದಂತೆ ತಡೆಯಲು ಟೋಕನ್ ಎಂಬ ಲೋಹದ ಗುರುತನ್ನು ಬಳಸುತ್ತಿದ್ದರು. ಎರಡು ನಿಲ್ದಾಣಗಳಲ್ಲಿ ಒಂದಕ್ಕೊಂದು ತಂತಿಯಿಂದ ಜೋಡಿಸಿದ ಪೆಟ್ಟಿಗೆಗಳಿರುತ್ತಿದ್ದವು. ಆ ಕಡೆಯವರ ಒಪ್ಪಿಗೆಯಿಲ್ಲದೆ ಈ ಕಡೆಯ ಪೆಟ್ಟಿಗೆಯಿಂದ ಟೋಕನ್ ಹೊರಬರುತ್ತಿರಲಿಲ್ಲ, ಒಂದು ಹೊರಬಂದರೆ ಅದು ಮರಳುವವರೆಗೆ ಇನ್ನೊಂದು ಸಿಗುತ್ತಿರಲಿಲ್ಲ. ಅದನ್ನು ಚರ್ಮದ ಚೀಲದಲ್ಲಿ ಹಾಕಿ, ಬೆತ್ತದ ದೊಡ್ಡ ಬಳೆಗೆ ಕಟ್ಟಿ, ನಿಲ್ಲದೆ ಸಾಗುವ ರೈಲಾದರೆ ಚಾಲಕ ತೋಳು ಚಾಚಿ ಎತ್ತಿಕೊಳ್ಳುವಂತೆ ಎತ್ತರಕ್ಕೆ ಹಿಡಿದು ನಿಲ್ಲುತ್ತಿದ್ದರು. ಟೆಂಪಿಯ ದುರಂತ ಓದಿದವರಿಗೆ ಈ ಚೀಲ, ಈ ಬಳೆ ಎಷ್ಟು ಜೀವ ಕಾಪಾಡಿರಬಹುದು ಎಂಬುದು ಹೊಳೆಯದಿರದು. ನಮ್ಮ ಮಕ್ಕಳಲ್ಲಿ ಎಷ್ಟು ಜನ ಅದನ್ನು ನೋಡಿದ್ದಾರೆ? ಅಂತಹ ಒಂದು ಪೆಟ್ಟಿಗೆ, ಒಂದು ಬಳೆ, ಗಟ್ಟಿ ಕಾಗದದ ಹಳೆಯ ಟಿಕೆಟ್ಟುಗಳು, ಅವಕ್ಕೆ ದಿನಾಂಕ ಒತ್ತುವ ಯಂತ್ರ, ಕೆಂಪು–ಹಸಿರು ಗಾಜಿನ ಕೈದೀಪ, ಮೀಟರ್ ಗೇಜಿನ ಒಂದು ಗಜ ಹಳಿ, ಪಕ್ಕದಲ್ಲೇ ಈಗಿನ ಹಳಿಯ ತುಂಡು ಇಷ್ಟನ್ನು ಇಡಲು ಒಂದು ಕೋಣೆ ಸಾಕು.

ಆ ಕೋಣೆ ತಾಳಗುಪ್ಪದಲ್ಲೋ ಸಾಗರದಲ್ಲೋ ಇರಲಿ, ನಿಲ್ದಾಣದ ಒಳಗೇ, ಟಿಕೆಟ್ ಕಿಟಕಿಯ ಹತ್ತಿರ ಇರಲಿ. ಇದಕ್ಕೆ ಪಿರೇಯಸ್‌ನವರು ಹಿಡಿದ ದಾರಿಯೇ ಸರಿಯಾದದ್ದು. ಉಗಿಬಂಡಿಯ ಕಾಲದಲ್ಲಿ ಕೆಲಸಕ್ಕೆ ಸೇರಿದವರು ಈಗ ಇಳಿವಯಸ್ಸಿನಲ್ಲಿದ್ದಾರೆ. ಭದ್ರಾವತಿ, ಶಿವಮೊಗ್ಗ, ಆನಂದಪುರ, ಸಾಗರಗಳಲ್ಲಿ ಅವರ ಮನೆಗಳಿವೆ. ಕೆಲವರ ಮನೆಯ ಅಟ್ಟದಲ್ಲಿ ಹಿತ್ತಾಳೆಯ ಗುಂಡಿಯಿರುವ ಕೋಟು, ಬೆಲ್ಟು, ಸೀಟಿ, ಕರ್ತವ್ಯದ ಪುಸ್ತಕಗಳು ಇನ್ನೂ ಇವೆ. ನಾನು ಬಲ್ಲ ಒಬ್ಬ ಹಿರಿಯರು ತಾವು ದುಡಿದ ಕಾಲದ ವೇಳಾಪಟ್ಟಿಯ ಹಾಳೆಯನ್ನು ಪಂಚಾಂಗದ ನಡುವೆ ಮಡಿಸಿಟ್ಟುಕೊಂಡಿದ್ದಾರೆ. ಕೇಳಿದರೆ ಯಾವ ತಿರುವಿನಲ್ಲಿ ಎಂಜಿನ್ ಏದುಸಿರು ಬಿಡುತ್ತಿತ್ತು, ಎಲ್ಲಿ ಕಾಡುಕೋಣ ಅಡ್ಡ ಬರುತ್ತಿತ್ತು ಎಂದೆಲ್ಲ ಹೇಳುತ್ತಾರೆ. ಇವರನ್ನು ಕರೆದು ಕೂರಿಸಿ ಅವರ ಮಾತನ್ನು ದಾಖಲಿಸುವ ಕೆಲಸವನ್ನು ಕುವೆಂಪು ವಿಶ್ವವಿದ್ಯಾಲಯದ ಇತಿಹಾಸ ವಿಭಾಗದ ವಿದ್ಯಾರ್ಥಿಗಳಿಗೆ ವಹಿಸಬಹುದು, ಸಾಗರದ ಕಾಲೇಜುಗಳೂ ಕೈಜೋಡಿಸಬಹುದು. ಕೋಣೆಯ ಉಸ್ತುವಾರಿಯನ್ನು ನಿವೃತ್ತ ನೌಕರರ ಸಂಘಕ್ಕೇ ಒಪ್ಪಿಸಿದರೆ ಬೀಗ ಹಾಕಿದ ಪ್ರದರ್ಶನಾಲಯವಾಗದೆ ಅದು ತೆರೆದೇ ಇರುತ್ತದೆ.

ಕಟ್ಟಡದ ಕೆಲಸ ಅರ್ಧ ಮುಗಿದ ಮೇಲೆ ಇದನ್ನೆಲ್ಲ ಹೇಳುವುದರಿಂದ ಪ್ರಯೋಜನ ಕಡಿಮೆ ಎಂದು ಕೆಲವರು ಹೇಳಬಹುದು. ಬಸ್ಸಿನ ವೇಳೆ ಬದಲಿಸಲು ಗೋಡೆ ಒಡೆಯಬೇಕಾಗಿಲ್ಲ, ಒಂದು ಕೋಣೆಯನ್ನು ಗೊತ್ತುಮಾಡಲು ಹೊಸ ಟೆಂಡರ್ ಬೇಕಾಗಿಲ್ಲ. ಛಾವಣಿಯ ಉದ್ದ ಹೆಚ್ಚಿಸುವುದಕ್ಕೆ ಮಾತ್ರ ಹಣ ಬೇಕು, ಅದನ್ನು ಮುಂದಿನ ಮಳೆಗಾಲಕ್ಕೆ ಮೊದಲೇ ಮಂಜೂರು ಮಾಡಿಸಿಕೊಳ್ಳುವ ಹೊಣೆ ನಮ್ಮ ಜನಪ್ರತಿನಿಧಿಗಳದ್ದು. ಆದ್ದರಿಂದ ರೈಲ್ವೆಯ ಮೈಸೂರು ವಿಭಾಗದ ಅಧಿಕಾರಿಗಳೂ ಜಿಲ್ಲಾಧಿಕಾರಿಗಳೂ ಸಾರಿಗೆ ಸಂಸ್ಥೆಯವರೂ ಸೇರಿ ಸಾಗರದಲ್ಲೇ ಒಂದು ಸಾರ್ವಜನಿಕ ಸಭೆ ಕರೆಯಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಆ ಸಭೆಗೆ ವ್ಯಾಪಾರಿಗಳು, ವಿದ್ಯಾರ್ಥಿಗಳು, ಕರೂರು–ಬಾರಂಗಿ ಹೋಬಳಿಗಳ ಜನ ಬರಲಿ. ಮೀಟರ್ ಗೇಜಿನ ಕಾಲದ ನಿವೃತ್ತ ನೌಕರರಿಗೆ ಮನೆಗೇ ಹೋಗಿ ಆಹ್ವಾನ ಕೊಡಲಿ, ನಡೆಯಲಾಗದವರನ್ನು ಕರೆತರಲು ವಾಹನದ ವ್ಯವಸ್ಥೆಯೂ ಆಗಲಿ.

ಇತಿ,
ನಿವೃತ್ತ ಇತಿಹಾಸ ಅಧ್ಯಾಪಕ,
ಸಾಗರ, ಶಿವಮೊಗ್ಗ ಜಿಲ್ಲೆ